ಸಂಪಾದಕರ ಉತ್ತರ: ಪಂಚಾಯಿತಿ ಕಟ್ಟೆಯ ಆಚೆಗಿನ ಹಿರಿತನ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಸೂಲಗಿತ್ತಿ ನರಸಮ್ಮನವರ ಕುರಿತು ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲಿ ಆಗುತ್ತಿರುವ ಈ ಕಾಲದಲ್ಲಿ ಸೂಲಗಿತ್ತಿಯರನ್ನು ಕೊಂಡಾಡುವುದು ಹಳತರ ಮೇಲಿನ ಕುರುಡು ಮೋಹವೆಂದೂ, ಊರಿನ ಬದುಕನ್ನು ನಿಜವಾಗಿ ರೂಪಿಸಿದವರು ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳಿದ ಹಿರಿಯರೆಂದೂ ತಾವು ವಾದಿಸಿದ್ದೀರಿ. ಮೊದಲನೆಯ ಮಾತಿನಲ್ಲಿ ಒಂದಷ್ಟು ನಿಜವಿದೆ. ಎರಡನೆಯದನ್ನು ನಾನು ಒಪ್ಪಲಾರೆ.

ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂಬುದರಲ್ಲಿ ನಮಗೂ ಎರಡು ಮಾತಿಲ್ಲ. ಮಗು ಅಡ್ಡಲಾಗಿ ನಿಂತಾಗ, ರಕ್ತಸ್ರಾವ ನಿಲ್ಲದಿದ್ದಾಗ ಬೇಕಾಗುವುದು ಶಸ್ತ್ರಚಿಕಿತ್ಸೆ ಮತ್ತು ರಕ್ತ. ಕೈಗುಣವೊಂದೇ ಆಗ ಸಾಲದು. ಆದರೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ 1920ರಲ್ಲಿ ಹುಟ್ಟಿದ ನರಸಮ್ಮನವರು ಅಜ್ಜಿ ಮರಿಗೆಮ್ಮನವರಿಂದ ಈ ವಿದ್ಯೆ ಕಲಿತು ಹೆರಿಗೆ ಮಾಡಿಸಲು ತೊಡಗಿದ್ದು 1940ರ ಸುಮಾರಿಗೆ. ಆ ಬರದ ಸೀಮೆಯ ಬಡ ಬಸುರಿಗೆ ವೈದ್ಯರು ಕೈಗೆಟುಕದಿದ್ದ ಕಾಲದಲ್ಲಿ, ಅಕ್ಷರ ಕಲಿಯದ ಈ ತಾಯಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ; ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಸೂಲಗಿತ್ತಿಯ ಕೆಲಸ ಹೊಕ್ಕುಳಬಳ್ಳಿ ಕತ್ತರಿಸುವಲ್ಲಿಗೆ ಮುಗಿಯುತ್ತಿರಲಿಲ್ಲ ಎಂಬುದನ್ನು ತಾವೂ ಬಲ್ಲಿರಿ. ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕೂಸನ್ನು ಕಾಲುಗಳ ಮೇಲೆ ಉದ್ದಕ್ಕೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರನ್ನು ಅಂಗೈಯಿಂದ ತಡೆದು ತಡೆದು ಹೊಯ್ಯುತ್ತಿದ್ದ ಆಕೆಯೇ ಬಾಣಂತಿಗೂ ನೀರು ಹಾಕುತ್ತಿದ್ದಳು, ತಲೆಗೆ ಬಟ್ಟೆ ಬಿಗಿದು ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದಳು, ಪಥ್ಯ ಹೇಳುತ್ತಿದ್ದಳು. ಹೆತ್ತು ಹತ್ತು ದಿನವಾಗುವ ಮೊದಲೇ ಸೊಸೆಯನ್ನು ಕಳೆ ಕೀಳಲು ಕಳಿಸಹೊರಟ ಅತ್ತೆಯನ್ನು ಗದರಿಸುವ ಅಧಿಕಾರ ಆಕೆಗಿತ್ತು. ಕಟ್ಟೆಯ ಪಂಚರು ಕಾಲಿಡಲಾಗದ ಮನೆಯ ಒಳಕೋಣೆಯಲ್ಲಿ ಆಕೆಯ ಮಾತೇ ತೀರ್ಪು. ಇದನ್ನು ಊರಿನ ಆಡಳಿತವೆನ್ನದೆ ಬೇರೇನೆನ್ನಬೇಕು?

ಆಸ್ಪತ್ರೆ ತುಂಬಲಾಗದ ಒಂದು ಜಾಗವೂ ಇದರಲ್ಲಿದೆ. ಹೆತ್ತ ಕೆಲವೇ ದಿನಗಳಲ್ಲಿ ಹೆಣ್ಣುಮಗಳು ಮನೆಗೆ ಮರಳುತ್ತಾಳೆ. ಆಮೇಲಿನ ವಾರಗಳಲ್ಲಿ ಅವಳ ಪಕ್ಷ ವಹಿಸುವವರು ಯಾರು? 2005ರಿಂದೀಚೆಗೆ ಆಶಾ ಕಾರ್ಯಕರ್ತೆಯರು ಈ ಹೊಣೆಯ ಒಂದು ಪಾಲನ್ನು ಹೊತ್ತಿದ್ದಾರೆ. ಅವರು ತಮ್ಮ ಗೌರವಧನಕ್ಕಾಗಿ ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿರುವುದಕ್ಕೆ, ಹೆಂಗಸರ ದುಡಿಮೆ ಪುಕ್ಕಟೆಯಾಗಿದ್ದಷ್ಟೂ ಪವಿತ್ರವೆಂದು ಹೊಗಳುವ ನಮ್ಮ ಅಭ್ಯಾಸವೂ ಕಾರಣವೆಂದು ನಾನು ನಂಬಿದ್ದೇನೆ. ನಮ್ಮ ಪತ್ರಿಕೆಗೂ ಈ ಮಾತು ಅನ್ವಯಿಸುತ್ತದೆ.

ಮನೆಯೊಳಗಿನ ಮಾತಾಯಿತು, ಊರ ಬೀದಿಯ ಉದಾಹರಣೆ ಬೇಕೆಂದರೆ ಅಂಕೋಲಾದ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡರಿದ್ದರು; ಅವರು 2025ರಲ್ಲಿ ತೀರಿಕೊಂಡರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವೆಂದು ನಾಡು ಅವರನ್ನು ಗೌರವಿಸಿತು, 2017ರಲ್ಲಿ ಪದ್ಮಶ್ರೀಯೂ ಬಂತು. ಆದರೆ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಮಾರಾಟದ ವಿರುದ್ಧ ನಿಂತದ್ದೂ ಇದೇ ಸುಕ್ರಜ್ಜಿ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಹಳ್ಳಿಯ ಹೆಂಗಸರು ಅದಕ್ಕೂ ಬಹಳ ಹಿಂದೆಯೇ ತಮ್ಮ ತೀರ್ಮಾನ ಹೇಳಿಯಾಗಿತ್ತು.

ಇನ್ನು ಕಟ್ಟೆಯ ಮಾತು. ಅಲ್ಲಿ ಹೆಣ್ಣಿನ ಹೆಸರು ಕಾಣದಿರುವುದಕ್ಕೆ ಅವಳಿಗೆ ಅಲ್ಲಿ ಜಾಗವನ್ನೇ ಕೊಡದಿದ್ದುದು ಕಾರಣ. ರಾಜ್ಯದ 1983ರ ಪಂಚಾಯಿತಿ ಕಾಯ್ದೆಯಂತೆ 1987ರಲ್ಲಿ, ಕೆಲವು ಹಳ್ಳಿಗಳಿಗೆ ಒಂದರಂತಿದ್ದ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಶೇಕಡ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಈಗಿನ ಗ್ರಾಮ ಪಂಚಾಯಿತಿಗಳಲ್ಲಿ ಆ ಪಾಲು ಅರ್ಧಕ್ಕೇರಿದೆ. ಅಂದು ಮೊದಲ ಬಾರಿಗೆ ಸದಸ್ಯೆಯರಾದವರು ಇಂದು ಅಜ್ಜಿಯರಾಗಿದ್ದಾರೆ. ತಮ್ಮ ಊರಿನಲ್ಲಿ ಅಂಥವರಿದ್ದರೆ, ಸಭೆಯಲ್ಲಿ ಅವರು ಮೊದಲು ಎತ್ತಿದ ವಿಷಯ ಯಾವುದು, ಯಾರು ವಿರೋಧಿಸಿದರು, ಕಡೆಗೆ ಏನಾಯಿತು ಎಂಬುದನ್ನು ಅವರಿಂದಲೇ ಕೇಳಿ, ಅವರ ಒಪ್ಪಿಗೆ ಪಡೆದು ಬರೆದು ಕಳಿಸಿರಿ. ತಮ್ಮ ಆಕ್ಷೇಪದ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸುತ್ತೇವೆ. ಆ ಬರಹಕ್ಕೂ ಅದರ ಪಕ್ಕದಲ್ಲೇ ಪುಟ ಮೀಸಲಿಡುತ್ತೇವೆ.

— ಸಂಪಾದಕ