ಚಂದ್ರನ ಮೇಲೆ ವಸಾಹತು: ಸರಕು ಯಾವುದು, ಗಿರಾಕಿ ಯಾರು?

ಚಂದ್ರನ ಮೇಲೆ ವಸಾಹತು ಕಟ್ಟಿದರೆ ಅದು ತನ್ನ ಖರ್ಚನ್ನು ತಾನೇ ದುಡಿದುಕೊಂಡೀತೇ? ಓದುಗರಿಂದ ಈ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಹೀಲಿಯಂ-3 ಒಂದನ್ನೇ ತಂದು ಮಾರಿದರೂ ವಸಾಹತಿನ ಖರ್ಚು ಹುಟ್ಟುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಹೀಲಿಯಂ-3 ಎಂದರೆ ಭೂಮಿಯಲ್ಲಿ ಬಲು ಅಪರೂಪದ, ಹಗುರ ಬಗೆಯ ಹೀಲಿಯಂ ಅನಿಲ. ಮೊದಲು ಮಣ್ಣಿನ ಲೆಕ್ಕ ನೋಡಿ. ಚಂದ್ರನ ಮಣ್ಣಿನಲ್ಲಿ ಹೀಲಿಯಂ-3 ಇರುವುದು ತೂಕದಲ್ಲಿ ನೂರು ಕೋಟಿಗೆ ಹತ್ತು ಭಾಗದ ಆಸುಪಾಸು. ಒಳ್ಳೆಯ ಕಡೆ ಇಪ್ಪತ್ತು. ಹತ್ತು ಎಂದು ಹಿಡಿದರೆ 1 ಕಿಲೋ ಪಡೆಯಲು 1 ಲಕ್ಷ ಟನ್ ಮಣ್ಣು ಬೇಕು. ಒಂದು ಮೀಟರ್ ಆಳಕ್ಕೆ ಅಗೆದರೆ ಸುಮಾರು 15 ಎಕರೆ. ಅಷ್ಟೂ ಮಣ್ಣನ್ನು 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಬೇಕು. ಬಿಸಿ ಮಣ್ಣಿನ ಶಾಖವನ್ನು ಮುಂದಿನ ಕಂತಿಗೆ ಬಳಸದೆ ಹೋದರೆ ಒಂದು ಕಿಲೋಗೆ ಒಂದೂಮುಕ್ಕಾಲು ಕೋಟಿ ಯೂನಿಟ್‌ನಷ್ಟು ಶಕ್ತಿ ಸುಡುತ್ತದೆ.

ಇಷ್ಟು ಮಾಡಿ ಕೊಡುವುದು ಯಾರಿಗೆ? ಹೀಲಿಯಂ-3 ಉರಿಸುವ ಸಮ್ಮಿಳನ (ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ) ವಿದ್ಯುತ್ ಸ್ಥಾವರ ಜಗತ್ತಿನಲ್ಲಿ ಒಂದೂ ಇಲ್ಲ. ಅದನ್ನು ನಂಬಿ ಗಣಿ ತೆರೆಯುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಈಗಿನ ನಿಜವಾದ ಗಿರಾಕಿಗಳು ಕ್ವಾಂಟಂ ಕಂಪ್ಯೂಟರುಗಳನ್ನು ತಣ್ಣಗಿಡುವ ಶೀತಕ ಯಂತ್ರಗಳವರು ಮತ್ತು ನ್ಯೂಟ್ರಾನ್ ಪತ್ತೆ ಉಪಕರಣದವರು. ಅವರು ಕೊಳ್ಳುವುದು ಲೀಟರ್ ಲೆಕ್ಕದಲ್ಲಿ, ಅನಿಲವಾಗಿ. 2025ರಲ್ಲಿ ಅಮೆರಿಕದ ಇಂಧನ ಇಲಾಖೆ ಇಂಟರ್‌ಲೂನ್ ಕಂಪನಿಯಿಂದ ಕೊಳ್ಳಲು ಒಪ್ಪಿದ್ದು 3 ಲೀಟರ್. ಒಂದು ಕಿಲೋ ಎಂದರೆ 7,400 ಲೀಟರ್ ಎನ್ನುವುದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಭೂಮಿಗೆ ಹೊತ್ತು ತಂದು ಮಾರಬಹುದಾದ ಚಂದ್ರನ ಸರಕು ಇದೊಂದೇ ಇರಬಹುದು, ನಿಜ. ಆದರೆ ಅದರಿಂದ ನಡೆಯಬಹುದಾದದ್ದು ಯಂತ್ರಗಳ ಸಣ್ಣ ಗಣಿ. ಊರು ಕಟ್ಟುವಷ್ಟು ವ್ಯಾಪಾರ ಅದರಲ್ಲಿಲ್ಲ.

ಇನ್ನೊಂದು ತೊಡಕು: ಹೀಲಿಯಂ-3 ಹೆಚ್ಚಿರುವುದು ಟೈಟಾನಿಯಂ ಹೇರಳವಾಗಿರುವ ಕಪ್ಪು ಬಯಲುಗಳಲ್ಲಿ, ಅಂದರೆ ಸಮಭಾಜಕದ ಹತ್ತಿರ. ನೀರಿನ ಸುಳಿವಿರುವುದು ಧ್ರುವಗಳಲ್ಲಿ. ಯಾವುದಾದರೂ ವರದಿ ಎರಡನ್ನೂ ಒಂದೇ ವಸಾಹತಿನ ಯೋಜನೆಯಲ್ಲಿ ಸೇರಿಸಿದ್ದರೆ ಅದನ್ನು ಅಲ್ಲಿಗೇ ಮುಚ್ಚಿಡಬಹುದು.

ಪ್ರಶ್ನೆ: ಹಾಗಾದರೆ ಮಾರುವುದೇನು?

ಉತ್ತರ: ಆಮ್ಲಜನಕ. ಉಸಿರಾಟಕ್ಕಲ್ಲ, ರಾಕೆಟ್ಟಿಗೆ. ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾಗುವುದು 840 ಗ್ರಾಂ. ಆರು ಜನ ವರ್ಷವಿಡೀ ಉಸಿರಾಡಿದರೂ 2 ಟನ್ ಮುಗಿಯದು. ಅದೇ ಚಂದ್ರನಿಂದ ಏರುವ ಒಂದು ದೊಡ್ಡ ರಾಕೆಟ್ಟು ಒಂದೇ ಏಟಿಗೆ ಹತ್ತಾರು ಟನ್ ಕುಡಿಯುತ್ತದೆ. ಜಲಜನಕ–ಆಮ್ಲಜನಕ ಎಂಜಿನ್ನಿನಲ್ಲಿ ಒಟ್ಟು ನೋದಕದ (ಇಂಧನ ಮತ್ತು ಅದನ್ನು ಉರಿಸುವ ಆಮ್ಲಜನಕ ಎರಡೂ ಸೇರಿ) ತೂಕದಲ್ಲಿ ಏಳರಲ್ಲಿ ಆರು ಪಾಲು ಆಮ್ಲಜನಕವೇ. ಮೀಥೇನ್ ಎಂಜಿನ್ನಿನಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು.

ಎಲ್ಲಿ ಮಾರುತ್ತೀರಿ ಎನ್ನುವುದು ಏನು ಮಾರುತ್ತೀರಿ ಎನ್ನುವುದಕ್ಕಿಂತ ಮುಖ್ಯ. ಭೂಮಿಯ ಕೆಳಕಕ್ಷೆಯಿಂದ (ನೆಲದಿಂದ ಕೆಲವು ನೂರು ಕಿ.ಮೀ. ಎತ್ತರದ ಕಕ್ಷೆ) ಚಂದ್ರನ ನೆಲಕ್ಕಿಳಿಯಲು ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗಬದಲಾವಣೆ ಬೇಕು. ಇದು ಹೆಚ್ಚಿದಷ್ಟೂ ನೋದಕ ಹೆಚ್ಚು ಉರಿಯುತ್ತದೆ. ಖಾಲಿ ರಾಕೆಟ್ಟಿನ ತೂಕವನ್ನೂ ಸೇರಿಸಿದರೆ ಚಂದ್ರನ ಮೇಲೆ 1 ಕಿಲೋ ಇಳಿಸಲು ಕೆಳಕಕ್ಷೆಯಲ್ಲಿ 5 ಕಿಲೋ ಅಥವಾ ಹೆಚ್ಚು ಇರಬೇಕು. ಆದ್ದರಿಂದ ಭೂಮಿಯಿಂದ ಬರುವ ಪೈಪೋಟಿಯ ಸರಕು ಅತಿ ದುಬಾರಿಯಾಗುವುದು ಚಂದ್ರನ ನೆಲದ ಮೇಲೆಯೇ. ನಿಮ್ಮ ಅಂಗಡಿ ಅಲ್ಲೇ ಇರಲಿ.

ದೂರ ಒಯ್ದಷ್ಟೂ ಲಾಭ ಸೋರುತ್ತದೆ. 10 ಟನ್ ಖಾಲಿ ತೂಕದ ಟ್ಯಾಂಕರಿಗೆ 100 ಟನ್ ನೋದಕ ತುಂಬಿ, ಸೆಕೆಂಡಿಗೆ ಎರಡೂವರೆ ಕಿ.ಮೀ. ವೇಗಬದಲಾವಣೆಯ ವೆಚ್ಚದಲ್ಲಿ ಭೂಮಿ–ಚಂದ್ರರ ನಡುವಿನ ಎಲ್-1 ಬಿಂದುವಿಗೆ (ಎರಡರ ಸೆಳೆತ ಸರಿತೂಗುವ ಜಾಗ) ಕಳಿಸಿದಿರಿ ಎನ್ನಿ. ಏರುವಾಗ ಸುಮಾರು 48 ಟನ್ ಉರಿಯುತ್ತದೆ. ಟ್ಯಾಂಕರು ಹಿಂದಿರುಗಲು 8 ಟನ್ ಉಳಿಸಿಕೊಳ್ಳಬೇಕು. ಗಿರಾಕಿಗೆ ಸಿಗುವುದು 44 ಟನ್. ಭೂಮಿಯ ಕೆಳಕಕ್ಷೆಯವರೆಗೂ ಒಯ್ಯುತ್ತೇವೆ ಎನ್ನುವ ಯೋಜನೆ, ಭೂಮಿಯಿಂದ ಉಡಾವಣೆ ಅಗ್ಗವಾದ ವರ್ಷವೇ ಮುಳುಗುತ್ತದೆ.

ಪ್ರಶ್ನೆ: ಧ್ರುವದಲ್ಲಿ ಹಿಮ ಇರುವುದು ಖಚಿತವೇ?

ಉತ್ತರ: ನೀರಿನಂಶ ಇರುವುದು ಖಚಿತ. ಚಂದ್ರಯಾನ-1ರ ಮೇಲಿದ್ದ ಎಂ-ಕ್ಯೂಬ್ ಎಂಬ ಖನಿಜ ಪತ್ತೆ ಉಪಕರಣ ನೀರಿನಂಶ ಕಂಡ ಫಲಿತಾಂಶ 2009ರಲ್ಲಿ ಬಂತು. ಅದೇ ವರ್ಷ ಅಕ್ಟೋಬರ್ 9ರಂದು ನಾಸಾದ ಎಲ್‌ಕ್ರಾಸ್ ಯೋಜನೆಯಲ್ಲಿ ರಾಕೆಟ್ಟಿನ ಖಾಲಿ ಹಂತವನ್ನು ದಕ್ಷಿಣ ಧ್ರುವದ ಬಳಿಯ ಕೆಬಿಯಸ್ ಕುಳಿಗೆ ಅಪ್ಪಳಿಸಿ, ಎದ್ದ ಧೂಳನ್ನು ಅಳೆದಾಗ ತೂಕದಲ್ಲಿ ಶೇ. 5.6 ನೀರು ಕಂಡಿತು. ಅಳತೆಯ ಅನಿಶ್ಚಿತತೆ ಹೆಚ್ಚುಕಡಿಮೆ ಶೇ. 2.9. ಅಂದರೆ ಶೇ. 3 ಇರಬಹುದು, 8 ಇರಬಹುದು. ಆ ಹಿಮ ಎಷ್ಟು ಆಳದಲ್ಲಿದೆ, ತೇಪೆ ತೇಪೆಯಾಗಿದೆಯೋ ಸಮನಾಗಿ ಹರಡಿದೆಯೋ, ಬಂಡೆಯಷ್ಟು ಗಟ್ಟಿಯೋ ಪುಡಿಯೋ ಎಂದು ಕೊರೆದು ನೋಡಿದವರಿಲ್ಲ. 2025ರ ಮಾರ್ಚ್‌ನಲ್ಲಿ ಕೊರೆಯುವ ಯಂತ್ರ ಹೊತ್ತು ಹೋದ ಲ್ಯಾಂಡರು ಮಗುಚಿ ಬಿತ್ತು. ಗಣಿಯವರ ಭಾಷೆಯಲ್ಲಿ ಹೇಳುವುದಾದರೆ ಇದು ಸುಳಿವು. ಬ್ಯಾಂಕು ಸಾಲ ಕೊಡುವಂಥ ನಿಕ್ಷೇಪವಲ್ಲ.

ಪ್ರಶ್ನೆ: ವರ್ಷಕ್ಕೆ 100 ಟನ್ ನೀರು ತೆಗೆಯುವ ಘಟಕಕ್ಕೆ ಏನೇನು ಬೇಕು? ಎಲ್ಲಿ ಕೆಡುತ್ತದೆ?

ಉತ್ತರ: ಮಣ್ಣಿನಲ್ಲಿ ಶೇ. 5 ಹಿಮವಿದ್ದು, ಅದರಲ್ಲಿ ಶೇ. 70 ಕೈಗೆ ಸಿಗುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ ಸುಮಾರು 2,900 ಟನ್, ದಿನಕ್ಕೆ 8 ಟನ್ ಮಣ್ಣು. ಹಿಮ ಶೇ. 2ಕ್ಕಿಳಿದರೆ ಅದೇ 7,100 ಟನ್ ಆಗುತ್ತದೆ. ಅಗೆಯುವ ಯಂತ್ರ, ಸಾಗಿಸುವ ಬಂಡಿ, ಕುಲುಮೆ ಮೂರೂ ಎರಡೂವರೆ ಪಟ್ಟು ಹಿಗ್ಗಬೇಕು. ಹಾಗಾಗಿ ಕೊರೆದು ನೋಡುವ ಮೊದಲೇ ಕುಲುಮೆಯ ಗಾತ್ರ ನಿಗದಿ ಮಾಡಬೇಡಿ.

ಇನ್ನು ವಿದ್ಯುತ್ತು. ಹಿಮವನ್ನು ಆವಿಯಾಗಿಸಲು ಕಿಲೋಗೆ 0.8 ಯೂನಿಟ್, ಅದರ ಸುತ್ತಲಿನ 19 ಕಿಲೋ ಮಣ್ಣನ್ನು ಬೆಚ್ಚಗಾಗಿಸಲು 0.4 ಯೂನಿಟ್, ಸೋರಿಕೆ, ಅಗೆತ, ಸಾಗಣೆ ಸೇರಿದರೆ ಎರಡೂವರೆ ಎಂದಿಟ್ಟುಕೊಳ್ಳಿ. ನೀರನ್ನು ವಿದ್ಯುದ್ವಿಭಜನೆಯಿಂದ ಒಡೆಯಲು ಕಿಲೋ ನೀರಿಗೆ ಸುಮಾರು 6. ಜಲಜನಕವನ್ನು ಮೈನಸ್ 253 ಡಿಗ್ರಿಗೂ ಆಮ್ಲಜನಕವನ್ನು ಮೈನಸ್ 183 ಡಿಗ್ರಿಗೂ ಇಳಿಸಿ ದ್ರವವಾಗಿಸಲು ಇನ್ನೂ ಎರಡರ ಹತ್ತಿರ. ಒಟ್ಟು 10 ಯೂನಿಟ್. ವರ್ಷಕ್ಕೆ 10 ಲಕ್ಷ ಯೂನಿಟ್, ಅಂದರೆ ಎಡೆಬಿಡದೆ 115 ಕಿಲೋವಾಟ್. ರಿಪೇರಿಗೆ ನಿಲ್ಲುವ ದಿನಗಳನ್ನು ಕಳೆದರೆ 150 ಕಿಲೋವಾಟ್ ಬೇಕು.

ಮಣ್ಣು ಕಾಯಿಸುವುದಕ್ಕಿಂತ ನೀರು ಒಡೆಯುವುದಕ್ಕೇ ದುಪ್ಪಟ್ಟಿಗಿಂತ ಹೆಚ್ಚು ಶಕ್ತಿ ಹೋಗುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಆದ್ದರಿಂದ ನೀರನ್ನು ನೀರಾಗಿಯೇ ಕೂಡಿಟ್ಟು, ಗಿರಾಕಿಯ ರಾಕೆಟ್ಟು ಬರುವ ದಿನ ನೋಡಿಕೊಂಡು ಒಡೆಯುವುದು ಜಾಣತನ. ದ್ರವ ಜಲಜನಕವನ್ನು ತಿಂಗಳುಗಟ್ಟಲೆ ಇಟ್ಟರೆ ಕುದಿದು ಹಾರಿಹೋಗುತ್ತದೆ, ಇಲ್ಲವೇ ತಣಿಸುವ ಯಂತ್ರ ಸದಾ ಓಡುತ್ತಿರಬೇಕು.

ಕೆಡುವ ಜಾಗಗಳಲ್ಲಿ ಮೊದಲನೆಯದು ಅಗೆತ. ಶಾಶ್ವತ ನೆರಳಿನ ಕುಳಿಗಳಲ್ಲಿ ಮೈನಸ್ 230 ಡಿಗ್ರಿಯಂಥ ಚಳಿ. ಆ ಚಳಿಯಲ್ಲಿ ಹಿಮ ಬೆರೆತ ಮಣ್ಣು ಕಾಂಕ್ರೀಟಿನಂತೆ ಬಿಗಿದಿರಬಹುದು. ಯಂತ್ರದ ತೂಕವೋ ಭೂಮಿಯಲ್ಲಿದ್ದುದರ ಆರನೇ ಒಂದು ಭಾಗ. ಸಲಿಕೆ ಒತ್ತಿದರೆ ಮಣ್ಣು ಏಳುವ ಬದಲು ಯಂತ್ರವೇ ಹಿಂದಕ್ಕೆ ಜಾರುತ್ತದೆ. ನಾಸಾದ ರ‍್ಯಾಸರ್ ಮಾದರಿಯಲ್ಲಿ ಮುಂದೊಂದು ಹಿಂದೊಂದು ಹಲ್ಲಿನ ಉರುಳೆಗಳು ಎದುರುಬದುರು ತಿರುಗುವುದು ಇದೇ ಕಾರಣಕ್ಕೆ: ಒಂದರ ಎಳೆತವನ್ನು ಇನ್ನೊಂದು ರದ್ದು ಮಾಡುತ್ತದೆ. ಆ ಚಳಿಗೆ ಗ್ರೀಸು ಕಲ್ಲಾಗುತ್ತದೆ, ಸಾಮಾನ್ಯ ಉಕ್ಕು ಗಾಜಿನಂತೆ ಸೀಳುತ್ತದೆ. ಮಾಲಿಬ್ಡಿನಂ ಡೈಸಲ್ಫೈಡ್‌ನಂಥ ಒಣ ಲೇಪ ಬೇಕು, ಬ್ಯಾಟರಿಗೆ ಪ್ರತ್ಯೇಕ ಹೀಟರ್ ಬೇಕು.

ಅಗೆಯುವ ಗೋಜೇ ಬೇಡ, ನೆಲದ ಮೇಲೆ ಗುಡಾರ ಹಾಕಿ ಕನ್ನಡಿಯಿಂದ ಬಿಸಿಲು ಹಾಯಿಸಿ ಆವಿಯನ್ನು ಹಿಡಿಯೋಣ ಎಂಬ ಪದ್ಧತಿಯೂ ಚರ್ಚೆಯಲ್ಲಿದೆ. ಕಾಗದದ ಮೇಲೆ ಚೆಂದ. ಆದರೆ ಮೇಲಿನ ಪದರ ಒಣಗಿದ ಕೂಡಲೇ ಅದೇ ಕಂಬಳಿಯಾಗುತ್ತದೆ. ನಿರ್ವಾತದಲ್ಲಿ ಒಣ ಚಂದ್ರಮಣ್ಣಿನಷ್ಟು ಶಾಖ ತಡೆಯುವ ವಸ್ತು ಕಡಿಮೆ. ಕೆಲವು ಸೆಂಟಿಮೀಟರ್ ಕೆಳಗೆ ಶಾಖ ಇಳಿಯುವುದೇ ಇಲ್ಲ. ಚಂದ್ರಯಾನ-3ರ ಚಾಸ್ಟೆ ಉಪಕರಣ ಕಂಡದ್ದೂ ಇದನ್ನೇ: ಬರೀ 8 ಸೆಂ.ಮೀ. ಆಳಕ್ಕೆ ಹೋಗುವಷ್ಟರಲ್ಲಿ ತಾಪ ಹತ್ತಾರು ಡಿಗ್ರಿ ಕುಸಿದು ಸೊನ್ನೆಗಿಂತ ಕೆಳಗಿಳಿದಿತ್ತು. ಬಿಸಿ ಸರಳುಗಳನ್ನು ನೆಲಕ್ಕೆ ಹೂಳದೆ ಗುಡಾರ ಪದ್ಧತಿ ಓಡುವುದಿಲ್ಲ ಎನ್ನುವುದು ನಮ್ಮ ಅಂದಾಜು.

ಎರಡನೆಯದು ಕುಲುಮೆಯ ಬಾಗಿಲು. ಧೂಳು ತುಂಬಿ ಸೀಲು ಕೂರುವುದಿಲ್ಲ, ಆವಿ ಹೊರಗೆ ಹೋಗುತ್ತದೆ. ಮೂರನೆಯದು ನೀರಿನ ಶುದ್ಧತೆ. ಎಲ್‌ಕ್ರಾಸ್ ಧೂಳಿನಲ್ಲಿ ಹೈಡ್ರೋಜನ್ ಸಲ್ಫೈಡ್, ಅಮೋನಿಯಾ, ಪಾದರಸವೂ ಕಂಡಿದ್ದವು. ಭಟ್ಟಿ ಇಳಿಸಿ, ಅಯಾನು ಶೋಧಕದಲ್ಲಿ ಹಾಯಿಸದೆ ಆ ನೀರನ್ನು ವಿಭಜನೆಗೆ ಕೊಟ್ಟರೆ ಅದರ ಪೊರೆ, ವೇಗವರ್ಧಕ ಎರಡೂ ಹಾಳು. ಬೇರ್ಪಡಿಸಿದ ಅಮೋನಿಯಾವನ್ನು ಮಾತ್ರ ಚೆಲ್ಲಬೇಡಿ, ಕಾರಣ ಮುಂದಿದೆ.

ಕೊನೆಗೆ ಕೈಗೆ ಬಂದದ್ದೆಷ್ಟು? 100 ಟನ್ ನೀರಿನಿಂದ 11 ಟನ್ ಜಲಜನಕ, 89 ಟನ್ ಆಮ್ಲಜನಕ. ಎಂಜಿನ್ನಿಗೆ ಒಂದಕ್ಕೆ ಆರರ ಅನುಪಾತ ಸಾಕಾದ್ದರಿಂದ 78 ಟನ್ ನೋದಕವಾಗಿ 22 ಟನ್ ಆಮ್ಲಜನಕ ಮಿಗುತ್ತದೆ.

ಪ್ರಶ್ನೆ: ಹಿಮ ಸಿಗದೇ ಹೋದರೆ?

ಉತ್ತರ: ಮಣ್ಣೇ ಇದೆಯಲ್ಲ. ಚಂದ್ರನ ಯಾವ ಮೂಲೆಯ ಮಣ್ಣಾದರೂ ತೂಕದಲ್ಲಿ ಶೇ. 40ಕ್ಕಿಂತ ಹೆಚ್ಚು ಆಮ್ಲಜನಕ, ಆಕ್ಸೈಡುಗಳ ರೂಪದಲ್ಲಿ. ಕಪ್ಪು ಬಯಲಿನ ಇಲ್ಮೆನೈಟ್ (ಕಬ್ಬಿಣ–ಟೈಟಾನಿಯಂ ಆಕ್ಸೈಡ್) ಅದಿರನ್ನು 900–1,000 ಡಿಗ್ರಿಯಲ್ಲಿ ಜಲಜನಕದೊಂದಿಗೆ ಕಾಯಿಸಿದರೆ ನೀರು ಬರುತ್ತದೆ; ಅದನ್ನು ಒಡೆದು ಜಲಜನಕವನ್ನು ಮತ್ತೆ ಕುಲುಮೆಗೆ ಬಿಡಬಹುದು. ಇಳುವರಿ ಕಡಿಮೆ: ಶೇ. 10 ಇಲ್ಮೆನೈಟ್ ಇರುವ ಒಂದು ಟನ್ ಮಣ್ಣಿಗೆ ಹತ್ತು ಕಿಲೋ ಚಿಲ್ಲರೆ. ಧ್ರುವದ ಬಿಳಿ ಮಣ್ಣಿನಲ್ಲಿ ಈ ಅದಿರು ಅಷ್ಟಿಲ್ಲ. ಅಲ್ಲಿ ಮಣ್ಣನ್ನೇ 1,600 ಡಿಗ್ರಿಗೆ ಕರಗಿಸಿ ವಿದ್ಯುತ್ ಹಾಯಿಸಬೇಕು. ಆಮ್ಲಜನಕದ ಜೊತೆ ಕಬ್ಬಿಣ, ಸಿಲಿಕಾನ್ ಕೂಡ ಸಿಗುತ್ತವೆ. ತೊಂದರೆಯೆಂದರೆ ಕರಗಿದ ಮಣ್ಣು ಪಾತ್ರೆಯನ್ನೂ ವಿದ್ಯುದ್ವಾರವನ್ನೂ ತಿನ್ನುತ್ತದೆ. ಪಾತ್ರೆಯ ಗೋಡೆಗೆ ಅದೇ ಮಣ್ಣು ಹೆಪ್ಪುಗಟ್ಟಿ ಪದರವಾಗುವಂತೆ ಬಿಟ್ಟರೆ ಪಾತ್ರೆ ಬಾಳುತ್ತದೆ. ಧನವಿದ್ಯುದ್ವಾರದ ಸವೆತಕ್ಕೆ ಅಷ್ಟು ಸುಲಭದ ಉಪಾಯವಿಲ್ಲ.

ಆದರೂ ಹಣ ಹಾಕುವವರು ನಮ್ಮನ್ನು ಕೇಳಿದರೆ ಇದನ್ನೇ ಮೊದಲು ಎನ್ನುತ್ತೇವೆ. ಹಿಮವನ್ನು ಹುಡುಕಬೇಕು, ಮಣ್ಣು ಕಾಲ ಕೆಳಗೇ ಇದೆ. ಏಳನೇ ಒಂದು ಪಾಲಿನ ಜಲಜನಕವನ್ನು ಭೂಮಿಯಿಂದ ತರಿಸಿಕೊಂಡರೂ ಆರು ಪಾಲು ಉಳಿಯಿತಲ್ಲ.

ಪ್ರಶ್ನೆ: ವಸಾಹತಿಗೆ ದಕ್ಷಿಣ ಧ್ರುವವೇ ಏಕೆ?

ಉತ್ತರ: ರಾತ್ರಿಯ ಕಾರಣಕ್ಕೆ. ಸಮಭಾಜಕದಲ್ಲಿ ರಾತ್ರಿ 354 ಗಂಟೆ. 150 ಕಿಲೋವಾಟನ್ನು ಅಷ್ಟು ಹೊತ್ತು ಬ್ಯಾಟರಿಯಿಂದ ಕೊಡಲು, ಕಿಲೋಗೆ 200 ವಾಟ್-ಗಂಟೆ ಹಿಡಿದರೂ, 265 ಟನ್ ಬ್ಯಾಟರಿ ಬೇಕು. ಚಂದ್ರನ ಅಕ್ಷ ಕೇವಲ ಒಂದೂವರೆ ಡಿಗ್ರಿ ವಾಲಿರುವುದರಿಂದ ದಕ್ಷಿಣ ಧ್ರುವದಲ್ಲೇ ಇರುವ ಶ್ಯಾಕಲ್‌ಟನ್ ಕುಳಿಯ ಅಂಚಿನ ಕೆಲವು ದಿಬ್ಬಗಳಿಗೆ ವರ್ಷದ ಬಹುಪಾಲು ಬಿಸಿಲು. ಸೂರ್ಯ ದಿಗಂತದಲ್ಲೇ ಸುತ್ತುವುದರಿಂದ ಫಲಕಗಳು ಎತ್ತರದ ಕಂಬದಲ್ಲಿ ಲಂಬವಾಗಿ ನಿಂತು ತಿರುಗಬೇಕು. 150 ಕಿಲೋವಾಟಿಗೆ ಸುಮಾರು 500 ಚದರ ಮೀಟರ್. ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ. ಕತ್ತಲಿನ ದಿನಗಳಿಗೆ ಪರಮಾಣು ಘಟಕ ಜೊತೆಗಿರಲಿ: ನಾಸಾ ಕೇಳಿದ್ದ ವಿನ್ಯಾಸ 40 ಕಿಲೋವಾಟ್, 6 ಟನ್ನಿನೊಳಗೆ.

ಆದರೆ ಶ್ಯಾಕಲ್‌ಟನ್ ತಳದಲ್ಲಿ ಗಣಿ ಬೇಡ. ಆಳ 4 ಕಿ.ಮೀ.ಗೂ ಹೆಚ್ಚು, ಗೋಡೆಯ ಇಳಿಜಾರು 30 ಡಿಗ್ರಿಯ ಆಸುಪಾಸು. ಅಂಚಿನ ಹತ್ತಿರದ ಸಣ್ಣ ನೆರಳುಕುಳಿಗಳೇ ವಾಸಿ.

ಪ್ರಶ್ನೆ: ಎಷ್ಟು ಜನ ಇರಬೇಕು?

ಉತ್ತರ: ಆದಷ್ಟು ಕಡಿಮೆ. ಭೂಮಿಯಿಂದ ಸಂಕೇತ ಹೋಗಿಬರಲು 2.6 ಸೆಕೆಂಡ್ ಸಾಕು. ಅಗೆತ, ಸಾಗಣೆ ಎಲ್ಲವನ್ನೂ ಇಲ್ಲಿಂದಲೇ ನಡೆಸಬಹುದು. ಧ್ರುವದಿಂದ ಭೂಮಿ ಸದಾ ಕಾಣದ್ದರಿಂದ ಸಂಕೇತ ದಾಟಿಸುವ ಉಪಗ್ರಹ ಬೇಕು, ಅಷ್ಟೆ. ಸೀಲು ಬದಲಿಸಲು, ಸಿಕ್ಕಿಕೊಂಡ ಉರುಳೆ ಬಿಡಿಸಲು ನಾಲ್ಕಾರು ಜನ ರಿಪೇರಿಯವರು ಇದ್ದರಾಯಿತು.

ಅವರಿಗೆ ಮನೆ ಮಣ್ಣಿನಡಿ. ಚೀನಾದ ಚಾಂಗ್-4 ಲ್ಯಾಂಡರು ಅಳೆದಂತೆ ಚಂದ್ರನ ನೆಲದಲ್ಲಿ ದಿನಕ್ಕೆ ಸುಮಾರು 1.37 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ವಿಕಿರಣ, ವರ್ಷಕ್ಕೆ 500. ನಾಸಾದ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಇರುವ ಮಿತಿ 600. ಎರಡೂವರೆ ಮೀಟರ್ ಮಣ್ಣು ಹೊದಿಸಬೇಕು. ಅಷ್ಟು ಭಾರಕ್ಕೆ ಚಾವಣಿ ಕುಸಿಯದೇ ಎಂಬ ಹೆದರಿಕೆ ಸಹಜ. ಲೆಕ್ಕ ಉಲ್ಟಾ ಇದೆ. ಅಲ್ಲಿನ ಗುರುತ್ವದಲ್ಲಿ ಆ ಮಣ್ಣು ಒತ್ತುವುದು 7 ಕಿಲೋಪಾಸ್ಕಲ್, ಒಳಗಿನ ಗಾಳಿ ಹೊರಕ್ಕೆ ತಳ್ಳುವುದು 50ಕ್ಕಿಂತ ಹೆಚ್ಚು. ಮನೆ ಕುಸಿಯುವುದಲ್ಲ, ಸಿಡಿಯುವುದು ಅಪಾಯ. ಗಾಳಿ ಸೋರಿ ಒತ್ತಡ ಇಳಿದಾಗ ಮಾತ್ರ ಚೌಕಟ್ಟು ಒಂಟಿಯಾಗಿ ಭಾರ ಹೊರಬೇಕು.

ನೀರಿನ ಚಿಂತೆ ಸಣ್ಣದು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 2023ರಲ್ಲೇ ಶೇ. 98 ಮರುಬಳಕೆ ಮುಟ್ಟಿದೆ. ಸಾರಜನಕ ಮತ್ತು ಇಂಗಾಲ ಚಂದ್ರನಲ್ಲಿ ತೀರಾ ವಿರಳ. ಸೋರಿದ ಗಾಳಿ ತುಂಬಲೂ ಸಾರಜನಕ ಬೇಕು, ಗಿಡ ಬೆಳೆಸಲೂ ಬೇಕು. ಅಮೋನಿಯಾ ಚೆಲ್ಲಬೇಡಿ ಎಂದದ್ದು ಇದಕ್ಕೇ.

ಪ್ರಶ್ನೆ: ರಾಕೆಟ್ಟು ಇಳಿಯುವ ಜಾಗ ಮನೆಯಿಂದ ಎಷ್ಟು ದೂರ?

ಉತ್ತರ: ಕಿಲೋಮೀಟರುಗಳಲ್ಲಿ ಎಣಿಸಿ. 1969ರಲ್ಲಿ ಅಪೊಲೊ-12 ಇಳಿದದ್ದು ಮೊದಲೇ ಅಲ್ಲಿಳಿದಿದ್ದ ಸರ್ವೇಯರ್-3 ನೌಕೆಯಿಂದ 160 ಮೀಟರ್ ಆಚೆ. ಸರ್ವೇಯರಿನಿಂದ ಬಿಚ್ಚಿ ತಂದ ಭಾಗಗಳಲ್ಲಿ, ಇಳಿಯುವ ರಾಕೆಟ್ಟು ಎಬ್ಬಿಸಿದ ಧೂಳಿನಿಂದ, ಮರಳು ಉಜ್ಜಿದಂಥ ಗುರುತುಗಳಿದ್ದವು. ಗಾಳಿಯಿಲ್ಲದ ಕಡೆ ಹಾರಿದ ಕಣ ನಿಧಾನವಾಗುವುದೇ ಇಲ್ಲ. ಮಣ್ಣನ್ನು 1,100 ಡಿಗ್ರಿ ಸುಮಾರಿಗೆ ಸುಟ್ಟು ಬೆಸೆದ ಹಾಸು, ಸುತ್ತ ಮಣ್ಣಿನ ಒಡ್ಡು, ಎರಡೂ ಬೇಕು.

ಪ್ರಶ್ನೆ: ಅಗೆದದ್ದು ಕಾನೂನಿನಂತೆ ಯಾರದು?

ಉತ್ತರ: 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ನೆಲ ಯಾವ ದೇಶದ್ದೂ ಅಲ್ಲ. ಅಗೆದು ತೆಗೆದದ್ದು ತೆಗೆದವರದು ಎಂದು ಅಮೆರಿಕ 2015ರಲ್ಲಿ, ಲಕ್ಸೆಂಬರ್ಗ್ 2017ರಲ್ಲಿ, ಜಪಾನ್ 2021ರಲ್ಲಿ ಕಾನೂನು ಮಾಡಿಕೊಂಡಿವೆ. 2020ರಲ್ಲಿ ನಾಸಾ ಚಂದ್ರನ ಮಣ್ಣು ಕೊಳ್ಳಲು ಕಂಪನಿಗಳೊಂದಿಗೆ ಕರಾರು ಮಾಡಿಕೊಂಡಾಗ ಒಂದರ ಬೆಲೆ ಬರೀ 1 ಡಾಲರ್. ಮಣ್ಣಿಗಾಗಿ ಅಲ್ಲ, ಮಾರಾಟ ಎಂಬ ಪದ್ಧತಿಗೆ ಮೇಲ್ಪಂಕ್ತಿ ಹಾಕಲು.

ಪ್ರಶ್ನೆ: ಉಡಾವಣೆ ತೀರಾ ಅಗ್ಗವಾದರೆ ಈ ವ್ಯಾಪಾರವೇ ಬಿದ್ದುಹೋಗದೇ?

ಉತ್ತರ: ಅಗ್ಗವಾದರೆ ನಿಮ್ಮ ಸರಕಿನ ಬೆಲೆ ಇಳಿಯುತ್ತದೆ, ಘಟಕ ಸಾಗಿಸುವ ಖರ್ಚೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದ್ದರಿಂದ ಡಾಲರಿಗಿಂತ ಮೊದಲು ತೂಕದಲ್ಲಿ ಲೆಕ್ಕ ಹಾಕಿ: ಇಳಿಸಿದ ಪ್ರತಿ ಕಿಲೋ ಯಂತ್ರ ವರ್ಷಕ್ಕೆ ಎಷ್ಟು ಕಿಲೋ ಸರಕು ಕೊಟ್ಟಿತು? 40 ಟನ್ ಘಟಕ ವರ್ಷಕ್ಕೆ 100 ಟನ್ ಕೊಟ್ಟರೆ ಐದು ತಿಂಗಳಲ್ಲಿ ತನ್ನ ತೂಕ ತೀರಿಸುತ್ತದೆ. 10 ಟನ್ ಕೊಟ್ಟರೆ ನಾಲ್ಕು ವರ್ಷ. ಅಷ್ಟರಲ್ಲಿ ಧೂಳು ಅದರ ಬೇರಿಂಗುಗಳನ್ನು ತಿಂದಿರುತ್ತದೆ. ಇಳಿಯದ ಖರ್ಚು ಒಂದಿದೆ, ಯಂತ್ರಗಳನ್ನು ರೂಪಿಸಿ ಪರೀಕ್ಷಿಸುವುದು. ಅದನ್ನು ತೀರಿಸಲು ವರ್ಷಕ್ಕೆ ಒಂದೆರಡು ರಾಕೆಟ್ಟು ತುಂಬಿಸಿದರೆ ಸಾಲದು. ಕೊಳ್ಳುವವರ ಲಿಖಿತ ಕರಾರು ಕೈಗೆ ಬರುವವರೆಗೆ ಕೊರೆಯುವ ಯಂತ್ರವೊಂದನ್ನು ಬಿಟ್ಟು ಬೇರೇನನ್ನೂ ಕಳಿಸಬೇಡಿ.