ಅಡುಗೆಮನೆಯ ಗೋಡೆಗೆ ಅಂಟಿಸಿದ ವೇಳಾಪಟ್ಟಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಾಗರ ತಾಲೂಕಿನ ಒಂಟಿಮನೆಯೊಂದರಿಂದ ಆಪ್ತಸಲಹೆಗೆಂದು ನನ್ನ ಬಳಿ ಬಂದ ಆಕೆಗೆ 38 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಗಂಡನ ಊರಿನ ಅಡಿಕೆ ತೋಟಕ್ಕೆ ಬಂದು ಮೂರು ವರ್ಷವಾಗಿತ್ತು. 11ರ ಮಗಳು, 7ರ ಮಗ, ಇಬ್ಬರಿಗೂ ಮನೆಯಲ್ಲೇ ಪಾಠ. "ನಿದ್ದೆ ಬರುವುದಿಲ್ಲ. ಮಕ್ಕಳ ಮೇಲೆ ಕೂಗಾಡುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತೇನೆ" ಎಂದು ಒಂದೇ ಉಸಿರಿಗೆ ಹೇಳಿ ಮೊಬೈಲಿನಲ್ಲಿ ಫೋಟೊ ತೋರಿಸಿದರು. ಅಡುಗೆಮನೆಯ ಗೋಡೆಗೆ ಅಂಟಿಸಿದ ವೇಳಾಪಟ್ಟಿ: ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ, 40 ನಿಮಿಷಕ್ಕೊಂದು ಪೀರಿಯಡ್, ವಿಷಯಕ್ಕೊಂದು ಬಣ್ಣ. ಒಂದು ಮೂಲೆ ಒಲೆಯ ಹೊಗೆಗೆ ಕಪ್ಪಾಗಿತ್ತು.

ಮೊದಲ ಭೇಟಿಯಲ್ಲಿ ನಾನು ತಪ್ಪಿದೆ. ಪೀರಿಯಡ್‌ಗಳನ್ನು ಕಡಿಮೆ ಮಾಡಿ, ಬೆಳಗಿನ ಎರಡು ಗಂಟೆಯನ್ನು ಮಾತ್ರ ಬಿಡಬೇಡಿ ಎಂದೆ. ಹದಿನೈದು ದಿನ ಕಳೆದು ಬಂದಾಗ ಆಕೆಯ ಮುಖ ಇನ್ನಷ್ಟು ಬಾಡಿತ್ತು. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಶುರುವಾಗಿತ್ತು; ಆ ಎರಡು ಗಂಟೆಯೇ ಆಳುಗಳ ತಿಂಡಿಯ ಹೊತ್ತು. ಹಾಗಾಗಿ ಏನಾಗಬೇಕು ಎಂಬುದನ್ನು ಬಿಟ್ಟು, ಒಂದು ವಾರ ಏನಾಯಿತು ಎಂಬುದನ್ನು ಮಾತ್ರ ಬರೆದು ತರಲು ಹೇಳಿದೆ.

ಆ ಪುಟಗಳೇ ಎಲ್ಲವನ್ನೂ ಹೇಳಿದವು. ಮಂಗಳವಾರ ಒಂಬತ್ತರಿಂದ ಹನ್ನೊಂದರೊಳಗೆ ಆಕೆ ಮಕ್ಕಳ ಪಕ್ಕದಿಂದ ಏಳು ಸಲ ಎದ್ದಿದ್ದರು. ಹಾಲು ಉಕ್ಕಿತು, ಅತ್ತೆಯ ಮಾತ್ರೆ, ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಹಗ್ಗ ಕೇಳಿದ, ಕರೆಂಟು ಹೋಯಿತು. ತನಗೆಂದು ಸಿಕ್ಕಿದ್ದು ಇಡೀ ವಾರದಲ್ಲಿ 20 ನಿಮಿಷ. ಗಂಡನ ಹೆಸರು ಪಾಠದ ಸಾಲಿನಲ್ಲಿ ಒಮ್ಮೆಯೂ ಇರಲಿಲ್ಲ. ಮಗಳು ಬರೆಯುವುದನ್ನೇ ಬಿಟ್ಟಿದ್ದಳು. ಕಾರಣ ಕೇಳಿದಾಗ ನನ್ನೊಬ್ಬಳ ಬಳಿ ಮೆಲ್ಲಗೆ ಹೇಳಿದಳು: "ಪಾಠ ಮಾಡುವಾಗ ಅಮ್ಮ ಅಮ್ಮನ ಹಾಗೆ ಇರುವುದಿಲ್ಲ."

ತೊಡಕು ವೇಳಾಪಟ್ಟಿಗಿಂತ ಅದರ ಹಿಂದಿದ್ದ ಸೋಲಿನ ಹೆದರಿಕೆಯಲ್ಲಿತ್ತು. "ಊರಿನ ಶಾಲೆ ಬಾಗಿಲು ಹಾಕಿಲ್ಲವಲ್ಲ" ಎಂದು ಅತ್ತೆ ಅಂದದ್ದು ಆಕೆಗೆ ತೀರ್ಪಿನಂತೆ ಕೇಳಿಸಿತ್ತು. ಅತ್ತೆ ಹೇಳಿದ್ದರಲ್ಲಿ ತಪ್ಪಿಲ್ಲ ಎಂದೇ ನಾನು ಹೇಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲು ಅವಕಾಶವಿದೆ. ಆ ದಾರಿ ಹಿಡಿದರೆ ಅದು ಸೋಲಲ್ಲ. ಮನೆಪಾಠವೇ ಮುಂದುವರಿದರೂ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿಗೆ ಸೇರಲು 14 ತುಂಬಬೇಕು, ಐದು ವಿಷಯ ಓದಬೇಕು. ಮಗಳಿಗೆ ಇನ್ನೂ ಮೂರು ವರ್ಷವಿದೆ. ಇದನ್ನು ಕೇಳಿ ಆಕೆ ತುಂಬಾ ಹೊತ್ತು ಸುಮ್ಮನೆ ಕುಳಿತಿದ್ದರು.

ನಿದ್ದೆ, ಹಸಿವು ಎರಡೂ ಕೆಟ್ಟು ಎರಡು ವಾರ ಮೀರಿದ್ದರಿಂದ ವೈದ್ಯರನ್ನು ಕಾಣಲೇಬೇಕೆಂದೆ. ರಾತ್ರಿ ಮನಸ್ಸು ಕೈಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದು ತಿಳಿಸಿದೆ.

ಮೂರನೆಯ ಭೇಟಿಗೆ ಗಂಡನೂ ಬಂದರು. ಹೆಂಡತಿ ಬರೆದದ್ದನ್ನು ಓದಿ, "ನನ್ನನ್ನು ಕೇಳಿದ್ದರೆ ಮಾಡುತ್ತಿದ್ದೆ" ಎಂದರು. ಕೇಳುವ ಕೆಲಸವನ್ನೂ ಆಕೆಯ ತಲೆಗೇ ಕಟ್ಟಬೇಡಿ ಎಂದೆ. ಮೂವರೂ ಕೂತು ಹೊಸದಾಗಿ ಬರೆದೆವು. ಕೊಯ್ಲಿನ ತಿಂಗಳುಗಳಿಗೆ ಒಂದು ವಾರಕ್ರಮ, ಉಳಿದ ತಿಂಗಳುಗಳಿಗೆ ಇನ್ನೊಂದು. ಕೊಯ್ಲಿನಲ್ಲಿ ಕೂತು ಮಾಡುವ ಪಾಠ ದಿನಕ್ಕೆ ಒಂದೂವರೆ ಗಂಟೆ, ಅದೂ ಊಟ ಮುಗಿದು ಮನೆ ಶಾಂತವಾದ ಮೇಲೆ. ಚಿಕ್ಕವನಿಗೆ ಅದರ ಅರ್ಧ ಸಾಕು. ವಾರಕ್ಕೆ ಮೂರು ಸಂಜೆ ಗಣಿತ ಅಪ್ಪನದು. ಅಜ್ಜಿಗೆ ದಿನಪತ್ರಿಕೆ ಓದಿ ಹೇಳುವುದು ಮಗನ ಕನ್ನಡ ಪಾಠ. ಶನಿವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಅಪ್ಪ ಮಕ್ಕಳನ್ನು ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ, ಅಲ್ಲಿಂದ ಊರಿನ ಮಕ್ಕಳು ಆಡುವ ಬಯಲಿಗೆ ಕರೆದೊಯ್ಯಬೇಕು. ಆ ಹೊತ್ತು ತಾಯಿಯದು. ಆಗ ಅಡುಗೆಮನೆಗೂ ಹೋಗಬಾರದು ಎಂದು ಒತ್ತಿ ಹೇಳಿದೆ. ಅಡಿಕೆ ಸುಲಿಯುವಲ್ಲಿ ಮಕ್ಕಳು ಲೆಕ್ಕ ಬರೆಯಲಿ, ಮೆಟ್ಟುಗತ್ತಿಯ ಹತ್ತಿರ ಸುಳಿಯದಿರಲಿ.

ಮೊದಲ ಎರಡು ಶನಿವಾರ ಆಕೆ ಬಟ್ಟೆ ಒಗೆದರಂತೆ. ಮೂರನೆಯದರಲ್ಲಿ ಮಲಗಿದರು.

ಫೆಬ್ರುವರಿಯಲ್ಲಿ ಮಗಳು ತನ್ನ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲೆ ಬಿಡಿಸಿಟ್ಟಳು. ಯಾರು ಎಷ್ಟು ಡಬ್ಬ ಸುಲಿದರು, ಡಬ್ಬಕ್ಕೆ ಕೂಲಿ ಎಷ್ಟು, ವಾರಕ್ಕೆ ಎಷ್ಟಾಯಿತು ಎಂದು ಸಾಲುಸಾಲು ಬರೆದಿದ್ದಳು. ಒಂದು ಮೊತ್ತವನ್ನು ಹೊಡೆದು ತಿದ್ದಿತ್ತು. ಸುಲಿಯಲು ಬರುವ ಹಿರಿಯ ಹೆಂಗಸೊಬ್ಬರು ಬಾಯಿಲೆಕ್ಕದಲ್ಲೇ ತಪ್ಪು ಹಿಡಿದು, "ಇನ್ನೊಂದು ಸಲ ಕೂಡಿ ನೋಡು ಕೂಸೆ" ಎಂದಿದ್ದರಂತೆ.