ಶಾಲೆ ಶುರುವಾದರೆ ಸಾಕು, ಮಗನಿಗೆ ಉಬ್ಬಸ

ಪ್ರಶ್ನೆ: ಮಗನಿಗೆ 7 ವರ್ಷ, ಆಸ್ತಮಾ ಇದೆ. ರಜೆಯಲ್ಲಿ ಆರಾಮಾಗಿದ್ದ. ಶಾಲೆ ತೆರೆದ ಸ್ವಲ್ಪ ದಿನಕ್ಕೇ ಉಬ್ಬಸ ಜಾಸ್ತಿಯಾಗಿ ಅಡ್ಮಿಟ್ ಮಾಡಬೇಕಾಯಿತು. ಕಳೆದ ವರ್ಷವೂ ಹೀಗೇ ಆಗಿತ್ತು. ಆಸ್ತಮಾಕ್ಕೆ ಆಸ್ಪತ್ರೆ ಸೇರುವ ಮಕ್ಕಳು ಕಡಿಮೆಯಾಗಿದ್ದಾರೆ ಅಂತ ಓದಿದ್ದೆ. ಮತ್ತೆ ಇವನಿಗೇಕೆ ಹೀಗೆ?

ಉತ್ತರ: ನಿಮ್ಮ ಮಗನೊಬ್ಬನಿಗೇ ಹೀಗಾಗುತ್ತಿಲ್ಲ. ಬ್ರಿಟನ್, ಕೆನಡಾ, ಅಮೆರಿಕದಲ್ಲಿ ಬೇಸಿಗೆ ರಜೆ ಮುಗಿದ ಎರಡು ಮೂರು ವಾರಕ್ಕೆ, ಅಂದರೆ ಸೆಪ್ಟೆಂಬರ್‌ನಲ್ಲಿ, ಆಸ್ತಮಾ ಮಕ್ಕಳ ಆಸ್ಪತ್ರೆ ಅಡ್ಮಿಷನ್ ಪ್ರತಿ ವರ್ಷ ಏರುತ್ತದೆ. ಮುಖ್ಯ ಕಾರಣ ನೆಗಡಿ ತರುವ ರೈನೋವೈರಸ್. ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂತರೆ ಅದು ಬೇಗ ಹರಡುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಷ್ಟೋ ದೇಶಗಳಲ್ಲಿ ಈ ಅಡ್ಮಿಷನ್ ತೀರಾ ಇಳಿದುಬಿಟ್ಟಿತ್ತು.

ನೀವು ಓದಿದ್ದೂ ನಿಜ. ಹಲವು ದೇಶಗಳಲ್ಲಿ 1990ರ ದಶಕದಿಂದ ಅಡ್ಮಿಷನ್ ಇಳಿಯಿತು. ಆದರೆ ಆಸ್ತಮಾ ಇರುವ ಮಕ್ಕಳೇ ಕಡಿಮೆಯಾದರು ಅಂತ ಇದರರ್ಥವಲ್ಲ, ದಿನಾ ಎಳೆಯುವ ಸ್ಟೀರಾಯ್ಡ್ ಇನ್‌ಹೇಲರ್ ಬಳಕೆ ಹೆಚ್ಚಿದ್ದು ಇದಕ್ಕೆ ದೊಡ್ಡ ಕಾರಣ. ಮಕ್ಕಳು ಉಸಿರಾಡುವ ಗಾಳಿಯಲ್ಲಿ ಸಿಗರೇಟಿನ ಹೊಗೆ ಇಲ್ಲದಿರುವುದೂ ಮುಖ್ಯ. ಸ್ಕಾಟ್ಲೆಂಡಿನಲ್ಲಿ 2006ರಲ್ಲಿ ಸಾರ್ವಜನಿಕ ಕಟ್ಟಡಗಳ ಒಳಗೆ ಸಿಗರೇಟು ಸೇದುವುದನ್ನು ನಿಷೇಧಿಸಿದರು. ಅಲ್ಲಿಯವರೆಗೆ ವರ್ಷಕ್ಕೆ ಶೇ. 5ರಷ್ಟು ಏರುತ್ತಿದ್ದ ಮಕ್ಕಳ ಆಸ್ತಮಾ ಅಡ್ಮಿಷನ್, ಆಮೇಲೆ ವರ್ಷಕ್ಕೆ ಸುಮಾರು ಶೇ. 18ರಂತೆ ಇಳಿಯಿತು. ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ದಯವಿಟ್ಟು ಬಿಡಿಸಿ.

ಈಗ ನಿಮ್ಮನ್ನು ಒಂದು ಮಾತು ಕೇಳಬೇಕು. ರಜೆಯಲ್ಲಿ ಚೆನ್ನಾಗಿದ್ದಾನೆ ಅಂತ ದಿನದ ಇನ್‌ಹೇಲರ್ ನಿಲ್ಲಿಸಿದ್ದಿರಾ? ತುಂಬಾ ಮನೆಗಳಲ್ಲಿ ಹೀಗಾಗುತ್ತದೆ. ಸ್ಟೀರಾಯ್ಡ್ ಅಂದರೆ ಭಯ, ಅಲ್ವಾ? ಆದರೆ ಉಬ್ಬಸ ಬಂದಾಗ ಮಾತ್ರ ಎಳೆಯುವ ಪಂಪ್ ಶ್ವಾಸನಾಳವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ ಅಷ್ಟೇ, ಒಳಗಿನ ಊತ ಹಾಗೇ ಇರುತ್ತದೆ. ಊತ ಇಳಿಸುವುದು ದಿನದ ಔಷಧಿ. ಅದು ನಿಂತಾಗಲೇ ನೆಗಡಿ ಬಂದರೆ ಮತ್ತೆ ಆಸ್ಪತ್ರೆ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಎಳೆಯುವ ರೀತಿಯನ್ನೂ ನೋಡಿ. ಪಂಪ್ ಕುಲುಕಿ, ಸ್ಪೇಸರ್‌ಗೆ (ಪಂಪಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಸಿಕ್ಕಿಸಿ. ಮೌತ್‌ಪೀಸನ್ನು ಅವನು ತುಟಿಯಿಂದ ಬಿಗಿಯಾಗಿ ಹಿಡಿಯಲಿ. ಒಂದು ಸಲ ಒತ್ತಿ, ಐದಾರು ಸಲ ನಿಧಾನ ಉಸಿರಾಡಲಿ. ಎರಡನೇ ಪಫ್ ಬೇಕಿದ್ದರೆ ಮತ್ತೆ ಕುಲುಕಿ ಒತ್ತಿ, ಒಟ್ಟಿಗೆ ಎರಡು ಒತ್ತಬೇಡಿ. ಸ್ಟೀರಾಯ್ಡ್ ಆದಮೇಲೆ ಬಾಯಿ ಮುಕ್ಕಳಿಸಲಿ.

ಡಿಸ್ಚಾರ್ಜ್ ಆದ ಒಂದೆರಡು ದಿನದಲ್ಲೇ ಡಾಕ್ಟರಿಗೆ ಮತ್ತೆ ತೋರಿಸಿ. ಯಾವ ಪಂಪ್ ಯಾವಾಗ, ಎಷ್ಟು ಅಂತ ಬರೆಸಿಕೊಂಡು ಶಾಲೆಗೂ ಒಂದು ಪ್ರತಿ ಕೊಡಿ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ ಕಾಯಬೇಡಿ. ಉಬ್ಬಸ ಬಂದಾಗ ಎಳೆಯುವ ಪಂಪ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.